ಅಂಟೆನಾದಿಂದ ಕೇಬಲ್ ತರಲು ಹತ್ತಿರದ ದಾರಿ ಯಾವುದು?

ಹಿತ್ತಲಿನಲ್ಲಿ ಹ್ಯಾಮ್ ರೇಡಿಯೊ (ಹವ್ಯಾಸಕ್ಕಾಗಿ ನಡೆಸುವ ರೇಡಿಯೊ ಸಂಪರ್ಕ) ಅಂಟೆನಾ ನಿಲ್ಲಿಸಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಉತ್ತರ: ಕಿಟಕಿ. ಆ ದಾರಿಯನ್ನು ಮಾತ್ರ ಹಿಡಿಯಬೇಡಿ.

ಕೇಬಲ್ ಉದ್ದವಾದಷ್ಟೂ ನಷ್ಟ ಹೆಚ್ಚು ಎಂಬುದು ನನಗೂ ಗೊತ್ತು; ದಯವಿಟ್ಟು ಅದನ್ನು ಮತ್ತೆ ವಿವರಿಸಬೇಡಿ. 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಸುಮಾರು 6 ಡೆಸಿಬೆಲ್ ನುಂಗುತ್ತದೆ, ಅಂದರೆ ನೀವು ಕಳುಹಿಸಿದ ಶಕ್ತಿಯ ಕಾಲು ಭಾಗವಷ್ಟೇ ಅಂಟೆನಾವನ್ನು ತಲುಪುತ್ತದೆ. ಅದಕ್ಕೆ ಪರಿಹಾರ ದಪ್ಪನೆಯ ಕೇಬಲ್. 7 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದಲ್ಲಾದರೋ, ಆರ್‌ಜಿ-213 ಎಂಬ ದಪ್ಪ ಕೇಬಲ್ಲನ್ನು 5 ಮೀಟರ್ ಹೆಚ್ಚು ಸುತ್ತಿಸಿ ತಂದರೂ ಒಂದು ಡೆಸಿಬೆಲ್‌ನ ಹತ್ತನೇ ಒಂದಂಶವೂ ಕಳೆದುಹೋಗುವುದಿಲ್ಲ.

ಪರಿಚಿತರೊಬ್ಬರು ಈ ಲೆಕ್ಕವನ್ನು ಕೇಳಿಸಿಕೊಳ್ಳದೆ, ಕಂಬದಿಂದ ನೇರವಾಗಿ ಇಳಿಜಾರಾಗಿ ಕೇಬಲ್ ಎಳೆದು, ಕಿಟಕಿಯ ಸಂದಿಯಲ್ಲಿ ತೂರಿಸಿ, ಬಾಗಿಲನ್ನು ಅದರ ಮೇಲೆಯೇ ಒತ್ತಿ ಮುಚ್ಚಿ, ‘ನೋಡಿ, ಒಂದು ಅಡಿಯೂ ವ್ಯರ್ಥವಾಗಿಲ್ಲ’ ಎಂದು ತೋರಿಸಿದ್ದರು. ಮೊದಲ ದೊಡ್ಡ ಮಳೆಯಲ್ಲಿ ನೀರೂ ಅಷ್ಟೇ ಮಿತವ್ಯಯದಿಂದ ಅದೇ ದಾರಿಯಲ್ಲಿ ಬಂದು ಮೇಜಿನ ಮೇಲಿದ್ದ ರೇಡಿಯೊದ ಬೆನ್ನಿಗೆ ತೊಟ್ಟಿಕ್ಕಿತು. ಗೋಡೆಯನ್ನು ಸೇರುವ ಮುನ್ನ ಕೇಬಲ್ಲು ರಂಧ್ರಕ್ಕಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಒಂದು ಬಾಗು ಬಿಟ್ಟಿದ್ದರೆ ನೀರು ಹೊರಗೇ ಉದುರುತ್ತಿತ್ತು. ಕಿಟಕಿ ಅದುಮಿದ ಜಾಗದಲ್ಲಿ ಒಳಗಿನ ಪಾಲಿಥೀನ್ ಚಪ್ಪಟೆಯಾಗಿ, ಅಲ್ಲಿ ರೇಡಿಯೊಗೆ ಹೊಂದಿಕೊಳ್ಳಬೇಕಾದ ಕೇಬಲ್ಲಿನ 50 ಓಮ್ ಗುಣವೂ ಕೆಟ್ಟಿತ್ತು. ಅವರು ಬಯ್ದದ್ದು ಮಾತ್ರ ಕೇಬಲ್ ಮಾರಿದವರನ್ನು.

ಇಷ್ಟು ವರ್ಷಗಳಲ್ಲಿ ಯಾರಾದರೂ ‘ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಏನೇನು ಇರಬೇಕು?’ ಎಂದು ಕೇಳಿದ್ದರೆ ನಾನು ಸಂತೋಷದಿಂದ ಕುಳಿತು ಮಾತನಾಡುತ್ತಿದ್ದೆ. ಅಲ್ಲಿ ಗೋಡೆಯ ಹೊರಗೆ ಒಂದು ಲೋಹದ ಫಲಕ, ಅದರ ಮೇಲೆ ಸಿಡಿಲು ರಕ್ಷಕ, ಅದರಿಂದ ನೆಲಕ್ಕೆ ಆದಷ್ಟು ಚಿಕ್ಕದಾದ, ನೇರವಾದ ಅರ್ಥಿಂಗ್ ತಂತಿ ಇರಬೇಕು. ಆ ಅರ್ಥಿಂಗನ್ನು ಮನೆಯ ವಿದ್ಯುತ್ ಅರ್ಥಿಂಗಿಗೆ ದಪ್ಪ ತಂತಿಯಿಂದ ಜೋಡಿಸಲೇಬೇಕು; ಎರಡನ್ನೂ ಬೇರೆಬೇರೆಯಾಗಿ ಬಿಟ್ಟರೆ, ಹತ್ತಿರದಲ್ಲಿ ಸಿಡಿಲು ಬಡಿದಾಗ ಅವುಗಳ ನಡುವೆ ಹುಟ್ಟುವ ವೋಲ್ಟೇಜು ನಿಮ್ಮ ರೇಡಿಯೊವನ್ನೇ ಸೇತುವೆ ಮಾಡಿಕೊಳ್ಳುತ್ತದೆ. ನೇರವಾಗಿ ಬಡಿಯುವ ಸಿಡಿಲಿಗೆ ಈ ರಕ್ಷಕವನ್ನು ನಂಬಬಾರದು. ಗುಡುಗಿನ ಕಾಲದಲ್ಲಿ ಕೇಬಲ್ಲನ್ನು ಮೊದಲೇ, ಫಲಕದ ಹೊರಮಗ್ಗುಲಿನಲ್ಲೇ ಕಳಚಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲು ಹೋಗಬಾರದು.

ಇನ್ನು, ಹೂಳಬೇಕೇ ತೂಗಬೇಕೇ ಎಂಬ ಉಪಪ್ರಶ್ನೆ. ಹುಲ್ಲು ಕತ್ತರಿಸುವ ಯಂತ್ರ ಓಡಾಡುವ ಕಡೆ ಹೂಳಿ. ನೇರವಾಗಿ ಮಣ್ಣಿಗೆ ಹಾಕುವುದಾದರೆ ಅದಕ್ಕೆಂದೇ ತಯಾರಾದ ಕೇಬಲ್ ಬೇಕು. ಪೈಪಿನಲ್ಲಿ ಹಾಕುವುದಾದರೆ, ಕನೆಕ್ಟರ್ ಸಹಿತ ಕೇಬಲ್ ಸಲೀಸಾಗಿ ನುಗ್ಗುವಷ್ಟು ಅಗಲದ ಪೈಪು ಇರಲಿ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಒಳಗೆ ತೇವ ಕಟ್ಟಿಯೇ ಕಟ್ಟುತ್ತದೆ. ಆದ್ದರಿಂದ ಪೈಪನ್ನು ಇಳಿಜಾರಾಗಿ ಮಲಗಿಸಿ, ತಗ್ಗಿನ ತುದಿಯಲ್ಲಿ ರಂಧ್ರ ಕೊರೆದು, ಕೆಳಗೆ ಜಲ್ಲಿ ಹಾಕಿ. ಎರಡನೇ ಅಂಟೆನಾ ಬಂದೇ ಬರುತ್ತದೆ, ಹಾಗಾಗಿ ಅದರ ಕೇಬಲ್ ಎಳೆದುಕೊಳ್ಳಲು ಒಳಗೊಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ.