ಭೀಮಾ ಚರ್ಟ್ ಗುರುತಿಸುವ ಕೆಲಸ: ಕೊನೆಗೂ ಒಂದು ಗಟ್ಟಿ ಸುಳಿವು

ಕೊನೆಗೂ ಒಂದು ಕಲ್ಲು ಬಾಯಿಬಿಟ್ಟಿದೆ! ಸುರಪುರ ಸೀಮೆಯ, ಚೂಪಾಗಿ ಚಕ್ಕೆ ಏಳುವ ಗಟ್ಟಿ ಸಿಲಿಕಾ ಕಲ್ಲಾದ ಚರ್ಟ್‌ನಲ್ಲಿ ಭೀಮಾ ಸುಣ್ಣದಕಲ್ಲಿನಲ್ಲಿ ಹುಟ್ಟಿದ್ದು ಯಾವುದು, ದಖ್ಖನ್ ಲಾವಾ ಪದರಗಳ ನಡುವಿನಿಂದ ಬಂದದ್ದು ಯಾವುದು ಅಂತ ಬೇರ್ಪಡಿಸುವ ಕೆಲಸದಲ್ಲಿದ್ದೇನೆ.

ಗಡಸುತನ, ಚಕ್ಕೆ ಏಳುವ ರೀತಿ ಎರಡಕ್ಕೂ ಒಂದೇ. ಬಣ್ಣ ನಂಬುವಂಥದ್ದಲ್ಲ, ಪಾಟಿನಾ (ಕಾಲ ಕಳೆದಂತೆ ಕಲ್ಲಿನ ಮೈಮೇಲೆ ಮೂಡುವ ಪೊರೆ) ಕೂತರೆ ಎಲ್ಲವೂ ಮಾಸಲು. ಸಿಕ್ಕ ಜಾಗವೂ ಸಾಕ್ಷಿಯಲ್ಲ. ಲಾವಾ ಸೀಮೆ ಇರುವುದು ಮೇಲ್ಹರಿವಿನಲ್ಲಿ. ಕೃಷ್ಣೆ, ಭೀಮೆ, ಡೋಣಿ ಅಲ್ಲಿಂದ ಕಲ್ಲು ಉರುಳಿಸಿ ತರುತ್ತಲೇ ಇವೆ.

ತಲೆ ತಿಂದದ್ದು ಆಸಿಡ್. ಕಲ್ಲಿನ ಹೊರಸಿಪ್ಪೆಯ ಮೇಲೆ ಹನಿ ಬಿದ್ದರೆ ಬುಸುಬುಸು ನೊರೆ. ಸುಣ್ಣದಕಲ್ಲಿನದೇ ಅನ್ನೋಣ ಅಂದ್ರೆ, ಕಪ್ಪು ಮಣ್ಣಲ್ಲಿ ಬಿದ್ದಿದ್ದ ಯಾವ ಕಲ್ಲಿಗಾದರೂ ಸುಣ್ಣ ಮೆತ್ತಿಕೊಂಡಿರುತ್ತದೆ! ಹಾಗಾಗಿ ಕೊಯ್ದ ಹೊಸ ಮುಖದಲ್ಲೇ ಪರೀಕ್ಷೆ. ಅದೂ ಪೂರ್ತಿ ತೀರ್ಮಾನವಲ್ಲ. ಲಾವಾ ನಡುವಿನ ಕೆರೆಗಳಲ್ಲೂ ಸುಣ್ಣದಕಲ್ಲು ಕಟ್ಟಿದೆ.

ಆಮೇಲೆ ಪಾಲಿಶ್. ಈ ಸಲ ತರಿಸಿದ 1000 ಗ್ರಿಟ್ (ನುಣ್ಣನೆ ಕಾಳಿನ) ತಿಕ್ಕುವ ಪುಡಿಯಲ್ಲಿ ದಪ್ಪ ಕಾಳು ಬೆರೆತಿತ್ತು. ಅದು ಎಳೆದ ಗೀರು ಥೇಟ್ ಪದರದ ಗೆರೆಯ ಹಾಗೆ ಕಾಣುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ದೊಡ್ಡ ದ್ರೋಹ ಇಲ್ಲ. ಮಾರುವವರು ಒಂದು ಸಲ ಜರಡಿ ಹಿಡಿಯಬಾರದೇ? ಪುಡಿ ಬದಲಿಸಿ, ಮತ್ತೆ ತಿಕ್ಕಿ, ಒದ್ದೆ ಮಾಡಿ 10 ಪಟ್ಟು ಲೆನ್ಸ್ ಹಿಡಿದೆ. ಕಂದು ಮೈಯಲ್ಲಿ ಬಿಳಿ ಸುರುಳಿ! ಒಳಗೆ ಕೋಣೆ ಕೋಣೆಯಾಗಿ ಸ್ಫಟಿಕ ತುಂಬಿದೆ. ಬಸವನಹುಳುವಿನ ಚಿಪ್ಪು ಅಡ್ಡಕ್ಕೆ ಕೊಯ್ದಿದೆ.

ಭೀಮಾ ಸುಣ್ಣದಕಲ್ಲು ಕಟ್ಟಿದ ಕಾಲಕ್ಕೆ ಚಿಪ್ಪಿನ ಜೀವಿಗಳೇ ಇರಲಿಲ್ಲ. ಲಾವಾ ನಡುವಿನ ಕೆರೆಗಳು ಸುಮಾರು 6.6 ಕೋಟಿ ವರ್ಷದ ಹಿಂದಿನವು, ಸಿಹಿನೀರಿನ ಬಸವನಹುಳುಗಳು ತುಂಬಿದ್ದವು. ಗುರುಮಠಕಲ್ ಹತ್ತಿರವೇ ಅಂಥ ಪದರ ಇದೆ. ಅಂದರೆ ಚಿಪ್ಪು ಕಂಡರೆ ಅದು ಭೀಮಾ ಕಲ್ಲಲ್ಲ, ಮಾತು ಮುಗೀತು. ಕಾಣದಿದ್ದರೆ ಮಾತ್ರ ಏನನ್ನೂ ಹೇಳುವಂತಿಲ್ಲ. ಆಗ ಸುಣ್ಣದಕಲ್ಲಿನ ತೆಳು ಗೆರೆ ಚರ್ಟ್ ಒಳಗೂ ನೇರ ಹಾದುಹೋಗಿದೆಯಾ ನೋಡಿ. ಅದು ಭೀಮಾ ಚರ್ಟ್‌ಗೆ ಒಳ್ಳೆ ಗುರುತು.

ಹುಣಸಗಿ ಕಡೆ ಹೋಗುವವರು ಹಳೆ ಶಿಲಾಯುಗದ ನೆಲೆಗಳ ಚಕ್ಕೆಗಳನ್ನು ದಯವಿಟ್ಟು ಮುಟ್ಟಬೇಡಿ. ಹೋಲಿಕೆಗೆ ಹಳ್ಳದ ಉರುಟು ಕಲ್ಲೇ ಸಾಕು.

ಅಂದ ಹಾಗೆ, ಆ ಸೀಮೆಯದೇ ಶಿಲಾಯುಗದ ನೆಲೆ ಇಸಾಂಪುರದಲ್ಲಿ ಸಿಕ್ಕ ಸುತ್ತಿಗೆ ಕಲ್ಲುಗಳಲ್ಲಿ ಚರ್ಟ್ ಕೂಡ ಇದೆ. ಮುಂದಿನ ಕೆಲಸ ಅದೇ: ಚರ್ಟ್ ಗುಂಡಿನಿಂದ ಸುಣ್ಣದಕಲ್ಲಿನ ಹಾಸು ಬಡಿದು ಕೈಕೊಡಲಿ ಮಾಡೋದು. ಅದಕ್ಕೂ ಮುಂಚೆ, ನೇರ ಗೆರೆ ಇರುವ ಬೂದು ಕಲ್ಲುಗಳನ್ನೆಲ್ಲ ಹೊಸ ಪುಡಿಯಲ್ಲಿ ತಿಕ್ಕಬೇಕು.