ರಷ್ಯನ್ನರಿಗೆ ನೋಡಲು ಬೇರೇನೂ ಇರಲಿಲ್ಲವೇ?

ನಾನು ರಷ್ಯಾದಲ್ಲಿ ಓದಿ ಬಂದವನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿಯವರಿಗೆ ಹಿಂದಿ ಸಿನಿಮಾ ಎಂದರೆ ಅಷ್ಟೊಂದು ಹುಚ್ಚು ಏಕೆ?" ಕೇಳಲಿ, ಬೇಸರವಿಲ್ಲ. ನನ್ನನ್ನು ಕೆರಳಿಸುವುದು ಅದರ ಬಾಲಂಗೋಚಿ: "ಪಾಪ, ಆ ಸೋವಿಯತ್ ಸರ್ಕಾರದಲ್ಲಿ ಅವರಿಗೆ ನೋಡಲು ಬೇರೇನಿತ್ತು?" ಉತ್ತರವನ್ನು ಕೈಯಲ್ಲೇ ಹಿಡಿದು ಬಂದವರು ಮದುವೆಮನೆಯ ಪಂಕ್ತಿಯಲ್ಲಿ ನನ್ನ ಊಟವನ್ನೇಕೆ ತಣ್ಣಗಾಗಿಸುತ್ತಾರೋ ತಿಳಿಯದು. ಇನ್ನು ಮುಂದೆ ಎಲೆಯ ಮುಂದೆ ಕುಳಿತು ಇದಕ್ಕೆ ಬಾಯಿ ತೆರೆಯುವುದಿಲ್ಲ.

ಆ "ಪಾಪ"ದಲ್ಲಿ ಅರ್ಧ ನಿಜವಿದೆ. ಸ್ಟಾಲಿನ್ನನ ಕೊನೆಯ ವರ್ಷಗಳಲ್ಲಿ ಸೋವಿಯತ್ ಚಿತ್ರೋದ್ಯಮ ಎಷ್ಟು ಸೊರಗಿತ್ತೆಂದರೆ, 1951ರಲ್ಲಿ ಇಡೀ ದೇಶ ತಯಾರಿಸಿದ ಕಥಾಚಿತ್ರಗಳ ಸಂಖ್ಯೆ ಹತ್ತನ್ನೂ ಮುಟ್ಟಲಿಲ್ಲ. 1954ರಲ್ಲಿ ರಾಜ್ ಕಪೂರರ 'ಆವಾರಾ' ಅಲ್ಲಿಗೆ ಬಂದಾಗ ಸುಮಾರು 6.4 ಕೋಟಿ ಟಿಕೆಟ್ ಖರ್ಚಾದುದಕ್ಕೆ ಆ ಹಸಿವೂ ಒಂದು ಕಾರಣವೆಂದು ಒಪ್ಪೋಣ. ಆದರೆ 'ಬಾಬಿ' ಅಲ್ಲಿ ತೆರೆ ಕಂಡದ್ದು 1975ರಲ್ಲಿ. ಅಷ್ಟು ಹೊತ್ತಿಗೆ ಅವರೇ ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರ ತೆಗೆಯುತ್ತಿದ್ದರು, ಫ್ರಾನ್ಸಿನ ಹಾಸ್ಯಚಿತ್ರಗಳೂ ಓಡುತ್ತಿದ್ದವು. ಆಗಲೂ 'ಬಾಬಿ'ಗೆ 6 ಕೋಟಿಗೂ ಹೆಚ್ಚು ಟಿಕೆಟ್ ಹೋದವು. ಅವರಾರೂ ಗತಿಯಿಲ್ಲದೆ ಹೋದವರಲ್ಲ.

ನಮ್ಮ ಹಾಸ್ಟೆಲಿನ ಬಾಗಿಲು ಕಾಯುತ್ತಿದ್ದ ಅಜ್ಜಿ ಒಮ್ಮೆ ನನ್ನನ್ನು ತಡೆದು ನಿಲ್ಲಿಸಿ, ಹಿಂದಿ ಹಾಡು ಹಾಡಿದರಷ್ಟೇ ಕೋಣೆಯ ಬೀಗದ ಕೈ ಎಂದರು. ಕನ್ನಡದವನಾದ ನಾನು ಎರಡನೆಯ ಸಾಲಿಗೇ ತಡವರಿಸಿದೆ, ಅವರು ಮುಂದುವರಿಸಿದರು. ಸಂಭಾಷಣೆಯನ್ನು ರಷ್ಯನ್ನಿಗೆ ಡಬ್ ಮಾಡಿದರೂ ಹಾಡುಗಳನ್ನು ಹಿಂದಿಯಲ್ಲೇ ಬಿಡುತ್ತಿದ್ದುದರಿಂದ, ಅರ್ಥದ ಹಂಗಿಲ್ಲದೆ ಕಿವಿಯಿಂದಲೇ ಕಲಿತ ಹಾಡು ಅದು. ಆಮೇಲೆ, ಬೇರ್ಪಟ್ಟ ಅವಳಿ ಸೋದರಿಯರ ಕಥೆಯಾದ 'ಸೀತಾ ಔರ್ ಗೀತಾ'ದಲ್ಲಿ ಗೀತಾ ಆ ದುಷ್ಟ ಚಿಕ್ಕಮ್ಮನನ್ನು ಮಟ್ಟ ಹಾಕುವುದನ್ನು, ಕೈಯಲ್ಲಿದ್ದ ಬೀಗದ ಕೈಗೊಂಚಲನ್ನೇ ಝಳಪಿಸುತ್ತ ಅಭಿನಯಿಸಿ ತೋರಿಸಿದರು. ಆ ಅಜ್ಜಿಯ ತಂದೆ ಎರಡನೆಯ ಮಹಾಯುದ್ಧದಿಂದ ಮರಳಿರಲಿಲ್ಲ. ಬೇರ್ಪಟ್ಟ ಮಕ್ಕಳು ಕೊನೆಯ ರೀಲಿನಲ್ಲಿ ಒಂದಾಗುವುದನ್ನು ನಾವು ಫಾರ್ಮುಲಾ ಎಂದು ಮೂಗು ಮುರಿಯುತ್ತೇವೆ, ಸುಮಾರು 2.7 ಕೋಟಿ ಜನರನ್ನು ಯುದ್ಧಕ್ಕೆ ತೆತ್ತ ದೇಶದಲ್ಲಿ ಅದೇ ಕಥೆಗೆ ಜನ ಅತ್ತದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ಅಲ್ಲಿಯ ವಿಮರ್ಶಕರೂ ನಮ್ಮವರಂತೆಯೇ ಗೊಣಗಿದರು ಎಂಬುದು ಬೇರೆ ಮಾತು.

ನಿಜಕ್ಕೂ ಯಾರಾದರೂ ಕೇಳಬೇಕಾದದ್ದು, ಅವರ ಸಿನಿಮಾ ನಮ್ಮಲ್ಲೇಕೆ ಓಡಲಿಲ್ಲ ಎಂದು. ಗಾರ್ಕಿಯ 'ತಾಯಿ' ಕನ್ನಡಕ್ಕೆ ಬಂದು, ಸೋವಿಯತ್ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಕಾಲದಲ್ಲೂ ಅವರ ಚಿತ್ರಗಳು ಫಿಲ್ಮ್ ಸೊಸೈಟಿಗಳ ಹೊಸಿಲು ದಾಟಲಿಲ್ಲ. ಅಲ್ಲಿ ಚಿತ್ರ ಕೊಳ್ಳುತ್ತಿದ್ದುದು ಸರ್ಕಾರ. ಇಲ್ಲಿ ಹಾಕಿದ ಹಣ ಎಣಿಸುವ ಹಂಚಿಕೆದಾರ. 1980ರ 'ಮಾಸ್ಕೋ ಕಣ್ಣೀರನ್ನು ನಂಬುವುದಿಲ್ಲ' ಚಿತ್ರವನ್ನೇ ನೋಡಿ: ಮೋಸಹೋದ ಕಾರ್ಖಾನೆಯ ಹುಡುಗಿ ಒಬ್ಬಂಟಿಯಾಗಿ ಮಗಳನ್ನು ಬೆಳೆಸಿ, ಕಾರ್ಖಾನೆಯ ನಿರ್ದೇಶಕಿಯಾದ ಮೇಲೆ ಹಳೆಯ ಪ್ರಿಯಕರ ಎದುರಾಗುವ ಕಥೆ. ಗಾಂಧಿನಗರದಲ್ಲಿ ನೂರು ದಿನ ಓಡಲು ಇನ್ನೇನು ಬೇಕಿತ್ತು? ಆದರೆ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಪಟ್ಟುಹಿಡಿದು ಕುಳಿತವರು ನಾವೇ.