ಬಿಚ್ಚಲು ಹೋಗಿ ಬಿಗಿದ ಕಥೆ

ಆ ಫ್ರೆಂಚ್ ಪ್ಯೂಜೋ ಸೈಕಲ್ ಕಾರವಾರದ ನಮ್ಮ ಅಂಗಡಿಗೆ ಬಂದದ್ದು ಮಳೆಗಾಲ ಮುಗಿದ ವಾರ, ಮೀನಿನ ಟೆಂಪೋದಲ್ಲಿ. ಗೋಕರ್ಣದ ಹೋಂಸ್ಟೇ ಮಾಲೀಕರದ್ದು. ಅವರ ತಂದೆಯ ಕಾಲದಲ್ಲಿ ಫ್ರಾನ್ಸಿನ ಪ್ರವಾಸಿಯೊಬ್ಬ ತುಳಿದುಕೊಂಡು ಬಂದು, ಬಾಡಿಗೆ ಬಾಕಿಗೆ ಬಿಟ್ಟುಹೋದನಂತೆ. ಮಫಾಕ್ ಬ್ರೇಕು, ಸಿಂಪ್ಲೆಕ್ಸ್ ಗೇರು, ಅಲ್ಯೂಮಿನಿಯಂ ಮಡ್‌ಗಾರ್ಡು, ಹಿಂದೆ ಮುಂದೆ ಕ್ಯಾರಿಯರ್. ಅಟ್ಟದ ಮೇಲೆ 40 ವರ್ಷ ಉಪ್ಪುಗಾಳಿ ಕುಡಿದಿತ್ತು. “ಬಣ್ಣ ಹೊಡೆಯಬೇಡಿ. ಬಿಡಿಭಾಗ ಹಾಕುವುದಾದರೆ ಆ ಕಾಲದ್ದೇ ಆಗಬೇಕು” ಎಂದರು.

ನಮ್ಮ ಮಾಲೀಕರು ತಲೆಯಾಡಿಸಿದರು. ಅವರು ಯಾವುದಕ್ಕೆ ತಲೆಯಾಡಿಸಿಲ್ಲ ಹೇಳಿ! 15 ದಿನದ ಗಡುವನ್ನೂ ಕೊಟ್ಟು, ಮರುದಿನವೇ ಹುಬ್ಬಳ್ಳಿಯಿಂದ ಬಿ.ಬಿ. ಸೆಟ್ಟು (ಬಾಟಮ್ ಬ್ರ್ಯಾಕೆಟ್, ಎಂದರೆ ಕ್ರ್ಯಾಂಕಿನ ಆಕ್ಸಲ್, ಕಪ್ಪು, ಗುಂಡು), ಪೆಡಲು ತರಿಸಿಬಿಟ್ಟರು. ಸೈಕಲ್ ಎಂದರೆ ಸೈಕಲ್ಲೇ, ಅದರಲ್ಲೇನು ಫ್ರಾನ್ಸು, ಲುಧಿಯಾನಾ ಎಂಬುದು ಅವರ ಲೆಕ್ಕ.

ನಾನೂ ಅವರಿಗಿಂತ ಬುದ್ಧಿವಂತನಾಗಿರಲಿಲ್ಲ. 22 ವರ್ಷದಿಂದ ಪಾನಾ ಹಿಡಿದವನು. ಆಕ್ಸಲ್ಲಿನ ಗುಂಡುಗಳನ್ನು ಹಿಡಿಯುವ ಎರಡು ಕಪ್ಪುಗಳಲ್ಲಿ ಚೈನ್ ಕಡೆಯ, ಎಂದರೆ ಬಲಗಡೆಯ ಕಪ್ಪಿಗೆ ಎಡ ಥ್ರೆಡ್, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ. ಪೆಡಲು ಕೂರುವ ಕ್ರ್ಯಾಂಕು ಕಳಚಿ, ಎಡಗಡೆಯ ಕಪ್ ಬಿಚ್ಚಿ, ಆಕ್ಸಲ್ ಎಳೆದು ಬದಿಗಿಟ್ಟೆ. ಗುಂಡುಗಳು ತುಕ್ಕು ತಿಂದು ಸಾಸಿವೆಯ ಹಾಗೆ ಉದುರಿದವು. ಬಲಗಡೆಯ ಕಪ್ಪಿಗೆ ಪಾನಾ ಕೊಟ್ಟು ಬಲಕ್ಕೆ ಎಳೆದೆ. ಕದಲಲಿಲ್ಲ. ತುಕ್ಕು ಎಂದುಕೊಂಡು ಎಣ್ಣೆ ಬಿಟ್ಟೆ. ಊಟ ಮುಗಿಸಿ ಬಂದು ಪಾನಾದ ಬಾಲಕ್ಕೆ ಮೂರಡಿ ಪೈಪು ತೊಡಿಸಿ ನೇತುಬಿದ್ದೆ. ಕಟಕ್ ಎಂದು ಕೂದಲೆಳೆಯಷ್ಟು ತಿರುಗಿತು. “ಬಂತು ನೋಡು” ಎಂದು ಅಂಗಡಿಯ ಹುಡುಗನತ್ತ ತಿರುಗಿ ಹಲ್ಲು ಕಿರಿದೆ. ಎರಡನೆಯ ಎಳೆತಕ್ಕೆ ಪಾನಾ ಜಾರಿತು. ಕಪ್ಪಿನ ಮೂಲೆ ಸವೆಯಿತು, ನನ್ನ ಗೆಣ್ಣು ಸುಲಿಯಿತು. ಚೈನ್ ಪಕ್ಕದಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ, ಚೈನ್‌ಸ್ಟೇ, ಅದರ ಮೇಲಿನ ನೀಲಿ ಬಣ್ಣದಲ್ಲಿ ಎರಡು ಬೆರಳುದ್ದದ ಗೀರು ಬಿತ್ತು. ಬಣ್ಣ ಮುಟ್ಟಬೇಡಿ ಎಂದಿದ್ದರಲ್ಲ, ಆ ಬಣ್ಣ.

ಆಗ ಹುಡುಗ ಹೇಳಿದ: “ಅಣ್ಣಾ, ಆಗ ಕಪ್ಪಿನ ಅಂಚಿನಲ್ಲಿ ಸಣ್ಣ ಸಂದು ಇತ್ತು. ಈಗ ಇಲ್ಲ.”

“ನಿನ್ನ ಕೆಲಸ ನೀನು ನೋಡು” ಎಂದು ಗದರಿ ಮತ್ತೆ ಪೈಪು ಹಿಡಿದೆ. ಒಟ್ಟು 40 ನಿಮಿಷ. ಕೊನೆಗೆ ಬೆವರು ಒರೆಸಿಕೊಂಡು, ಸೀಮೆಎಣ್ಣೆಯ ಚಿಂದಿಯಿಂದ ಕಪ್ಪಿನ ಮುಖ ಉಜ್ಜಿದೆ. ಮಡ್ಡಿಯ ಕೆಳಗೆ ಕೊರೆದ ಅಕ್ಷರ ಕಂಡಿತು: 35 × 1. ಫ್ರೆಂಚ್ ಅಳತೆ. ಅದರಲ್ಲಿ ಎರಡೂ ಕಡೆ ಬಲ ಥ್ರೆಡ್, ಬಿಚ್ಚಬೇಕಾದರೆ ಎಡಕ್ಕೆ ತಿರುಗಿಸಬೇಕು. ಸ್ವಿಸ್ ಅಳತೆಯೂ 35 × 1, ಆದರೆ ಅದರ ಬಲಗಡೆಯದು ಎಡ ಥ್ರೆಡ್. ಹಾಗಾಗಿ ಅಕ್ಷರ ಓದಿದರೂ ದಿಕ್ಕು ತಿಳಿಯುತ್ತಿರಲಿಲ್ಲ. ದಿಕ್ಕು ಹೇಳಿದ್ದು ಹುಡುಗ ಕಂಡ ಸಂದು. ಬಲ ಥ್ರೆಡ್ಡಿನ ಕಪ್ ಆ ಕಡೆ ಇದ್ದರೆ ತುಳಿಯುತ್ತ ತುಳಿಯುತ್ತ ತಾನೇ ಸಡಿಲವಾಗುತ್ತದೆ. ಫ್ರಾನ್ಸಿನಿಂದ ಗೋಕರ್ಣಕ್ಕೆ ಬರುವಷ್ಟರಲ್ಲಿ ಅದು ಹಾಗೆ ಸಡಿಲಗೊಂಡಿತ್ತು. ನಾನು ಬಿಗಿದುಕೊಟ್ಟೆ.

ಟಾರ್ಚ್ ಹಾಕಿ ಒಳಗೆ ನೋಡಿದರೆ ಕಪ್ಪಿನೊಳಗೆ ಗುಂಡು ಓಡುವ ಹಾದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ. ಕಾಲು ಇಂಚಿನ 22 ಗುಂಡು ಬದಲಿಸಿ ಗ್ರೀಸ್ ತುಂಬಿದ್ದರೆ ಅರ್ಧ ಗಂಟೆಯ ಕೆಲಸ.

ಹುಬ್ಬಳ್ಳಿಯ ಸೆಟ್ಟು ಇಂಗ್ಲಿಷ್ ಅಳತೆಯದು, 34.8 ಮಿ.ಮೀ. ಬರೀ 0.2 ಮಿ.ಮೀ. ವ್ಯತ್ಯಾಸ, ಆದ್ದರಿಂದಲೇ ಅಪಾಯ: ಎಡಗಡೆಯ ಕಪ್ ಎರಡು ಸುತ್ತು ಒಳಗೆ ಹೋಗಿ ಆಮೇಲೆ ಥ್ರೆಡ್ ತಿನ್ನಲು ಶುರು ಮಾಡುತ್ತದೆ. ಪೆಡಲೂ ಹಾಗೆಯೇ. ಫ್ರೆಂಚ್ ಕ್ರ್ಯಾಂಕಿಗೆ 14 ಮಿ.ಮೀ. ಬೇಕು, ತರಿಸಿದ್ದು 9/16 ಇಂಚು, ಎಂದರೆ 14.3. ಎರಡನ್ನೂ ವಾಪಸು ಕಳಿಸಿ ಎಂದರೆ ಮಾಲೀಕರು, “ನೀನು ಮೊದಲೇ ಹೇಳಬೇಕಿತ್ತು” ಎಂದರು. ಈ ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ.

ಟೈರಿನದು ಇನ್ನೊಂದು ಪುರಾಣ. ರಿಮ್ 650ಬಿ, ಎಂದರೆ ಟೈರು ಕೂರುವ ಜಾಗದ ವ್ಯಾಸ 584 ಮಿ.ಮೀ. ಅಂಗಡಿಯಲ್ಲಿ ತೂಗುವ 26 × 1⅜ ಟೈರು 590. ಕೈಯಲ್ಲೇ ಸಲೀಸಾಗಿ ಕೂರುತ್ತದೆ, ಗಾಳಿ ತುಂಬಿದರೆ ರಿಮ್ ಬಿಟ್ಟು ಏಳುತ್ತದೆ. ಈ ಬಾರಿ ಮೊದಲು ಅಳೆದೆ. ಈಗಿನ ಮೌಂಟನ್ ಬೈಕಿನ 27.5 ಇಂಚು ಎಂದರೆ ಅದೇ 584. ದಪ್ಪನೆಯದು ಮಡ್‌ಗಾರ್ಡಿಗೆ ತಾಗುತ್ತದೆ, ಹಾಗಾಗಿ ತೆಳ್ಳನೆಯದನ್ನು ಹುಡುಕಿ ತರಿಸಿದೆವು. ಸಿಂಪ್ಲೆಕ್ಸ್ ಗೇರಿನ ಡೆಲ್ರಿನ್ ಪ್ಲಾಸ್ಟಿಕ್ ಮೈ ಬಿರುಕು ಬಿಟ್ಟಿತ್ತು. ಬೆಂಗಳೂರಿನ ಹಳೇ ಸೈಕಲ್ ಸಂಗ್ರಾಹಕರೊಬ್ಬರು ಅಂಥದ್ದೇ ಒಂದನ್ನು ಕೊಟ್ಟರು. 15 ದಿನದ ಗಡುವು ಮೂರು ತಿಂಗಳಾಯಿತು.

ಒಯ್ಯಲು ಬಂದವರು ಸೈಕಲ್ಲಿನ ಸುತ್ತ ಎರಡು ಸಲ ಸುತ್ತಿದರು. ಚೈನ್‌ಸ್ಟೇ ಬಳಿ ಕೂತು ಗೀರಿನ ಮೇಲೆ ಬೆರಳಾಡಿಸಿದರು. ಹುಡುಗ ನನ್ನ ಮುಖ ನೋಡಿದ.

“ಪಾಪ, ಆ ಪ್ರವಾಸಿ ಎಲ್ಲೋ ಬಿದ್ದಿರಬೇಕು” ಎಂದರು. “ಇದನ್ನು ಹೀಗೇ ಉಳಿಸಿದಿರಲ್ಲ, ಒಳ್ಳೆಯದಾಯಿತು.”

ನಾನು ಹೂಂ ಎಂದೆ.